ಪಕ್ಕದ ಸಂಸ್ಥೆಯ ಟೆಂಡರ್ ದರದಲ್ಲಿ ನಾವೂ ಖರೀದಿಸಬಹುದೇ?

ಹೊಸ ಮೇಜು

ಎಲ್ಲರಿಗೂ ನಮಸ್ಕಾರ. ಸ್ಥಳೀಯ ಸಂಸ್ಥೆಯೊಂದರ ಖರೀದಿ ವಿಭಾಗಕ್ಕೆ ನಾನು ಬಂದು ಎಂಟು ತಿಂಗಳಾಯಿತು. ಮೊದಲು ತೆರಿಗೆ ವಿಭಾಗದಲ್ಲಿದ್ದೆ, ಟೆಂಡರ್ ಭಾಷೆ ಇನ್ನೂ ಕೈಗೆ ಹತ್ತಿಲ್ಲ. ಈಗ ಒಂದು ಕಡತ ನನ್ನ ಮೇಜಿನ ಮೇಲಿದೆ. ಸೋಮವಾರದೊಳಗೆ ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿಸಬೇಕು.

ವಿಷಯ ಇದು. ಕಸವನ್ನು ಒತ್ತಿ ತುಂಬುವ ಕಾಂಪ್ಯಾಕ್ಟರ್ ಲಾರಿಗಳು ನಮಗೆ ನಾಲ್ಕು ಬೇಕು. ಪಕ್ಕದ ಸಂಸ್ಥೆಯವರು ಎರಡು ವರ್ಷಗಳ ಹಿಂದೆ ಟೆಂಡರ್ ಕರೆದು ಇಂಥವೇ ಹನ್ನೆರಡು ಲಾರಿಗಳನ್ನು ಕೊಂಡಿದ್ದಾರೆ. ಅವುಗಳನ್ನು ಕೊಟ್ಟ ಕಂಪನಿಯವರು ಈಗ ನಮ್ಮಲ್ಲಿಗೆ ಬಂದು, ಅದೇ ದರಕ್ಕೆ, ಅದೇ ಷರತ್ತುಗಳ ಮೇಲೆ ನಿಮಗೂ ಕೊಡುತ್ತೇವೆ, ಹೊಸ ಟೆಂಡರ್ ಬೇಕಾಗಿಲ್ಲ ಎಂದು ಪತ್ರ ಕೊಟ್ಟಿದ್ದಾರೆ. ನಾವೇ ಟೆಂಡರ್ ಕರೆದರೆ ಕಡಿಮೆಯೆಂದರೂ ನಾಲ್ಕು ತಿಂಗಳು. ಹೀಗೆ ಕೊಂಡರೆ ಎರಡು ವಾರದಲ್ಲಿ ಆದೇಶ ಹೋಗುತ್ತದೆ. ನಮ್ಮಲ್ಲಿರುವ ಹಳೆಯ ಲಾರಿಗಳು ವಾರಕ್ಕೊಮ್ಮೆ ಕೆಟ್ಟು ನಿಲ್ಲುತ್ತವೆ. ನಿಂತ ದಿನ ಕಾರ್ಮಿಕರು ಅರ್ಧ ತುಂಬಿದ ಲಾರಿಯಿಂದ ಕಸವನ್ನು ಕೈಯಲ್ಲೇ ಇನ್ನೊಂದಕ್ಕೆ ಸುರಿಯುತ್ತಾರೆ. ಅದನ್ನು ನೋಡಿದ ಮೇಲೆ ನಾಲ್ಕು ತಿಂಗಳು ಕಾಯಿರಿ ಎಂದು ಬರೆಯಲು ನನಗೆ ಮನಸ್ಸಾಗುತ್ತಿಲ್ಲ.

ಪಕ್ಕದವರ ಟೆಂಡರ್ ದಾಖಲೆ ನೂರ ಎಂಬತ್ತು ಪುಟವಿದೆ. ಎಲ್ಲಿಂದ ಓದಲು ತೊಡಗಲಿ? ಮುಖ್ಯವಾಗಿ ಏನನ್ನು ಹುಡುಕಲಿ?

ನಿವೃತ್ತ ಉಗ್ರಾಣಿ

ಓದಬೇಕೆಂದು ನಿಮಗೆ ಅನಿಸಿತಲ್ಲ, ಸಂತೋಷ. ಪತ್ರ ಬಂತು, ದರ ಚೆನ್ನಾಗಿದೆ, ಸಹಿ ಹಾಕು ಎನ್ನುವವರೇ ಹೆಚ್ಚು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ.

ಇದಕ್ಕೆ ಇಂಗ್ಲಿಷಿನಲ್ಲಿ ಪಿಗ್ಗಿಬ್ಯಾಕ್ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಉಪ್ಪುಮೂಟೆ. ಒಬ್ಬರು ನಡೆದು ಮುಗಿಸಿದ ಟೆಂಡರಿನ ಬೆನ್ನೇರಿ ಇನ್ನೊಬ್ಬರು ಖರೀದಿಸುವುದು. ಕಾನೂನು ಒಪ್ಪುವ ಕಡೆ ಇದರಲ್ಲಿ ತಪ್ಪಿಲ್ಲ. ಆದರೆ ಹೊರುವವರಿಗೆ ಹೊರುತ್ತಿದ್ದೇನೆ ಎಂಬುದು ಮೊದಲೇ ಗೊತ್ತಿರಬೇಕು.

ಮೊದಲು ಟೆಂಡರ್ ಪ್ರಕಟಣೆ ಓದಿ. ಕರಾರಿನ ಪ್ರತಿಯನ್ನು ಆಮೇಲೆ ನೋಡಿದರಾಯಿತು. ಬಿಡ್ಡುದಾರರೆಲ್ಲ ಕಂಡದ್ದು ಪ್ರಕಟಣೆಯನ್ನು. ಬೇರೆ ಸಂಸ್ಥೆಗಳೂ ಇದೇ ದರದಲ್ಲಿ ಕೊಳ್ಳಬಹುದು ಎಂಬ ಮಾತು ಅದರಲ್ಲಿ ಇತ್ತೇ? ಇದ್ದರೆ ಯಾವ ಸಂಸ್ಥೆಗಳು, ಎಷ್ಟು ಲಾರಿ, ಯಾವ ದಿನದವರೆಗೆ? ನಿಮ್ಮ ಕಡತದ ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಉಳಿದ ಕಾಲು ಪಾಲು ತಾಂತ್ರಿಕ ವಿವರ. ನನ್ನದೇ ಅನುಭವ ಹೇಳುತ್ತೇನೆ. ಬೇರೊಂದು ಸಂಸ್ಥೆಯ ಕರಾರಿನಲ್ಲಿ ನಾವು ನೀರೆತ್ತುವ ಪಂಪುಗಳನ್ನು ಕೊಂಡೆವು. ದರ ನಿಜವಾಗಿಯೂ ಒಳ್ಳೆಯದಿತ್ತು. ಪಂಪು ಬಂತು, ಕೂರಿಸಿದೆವು, ಮೋಟಾರ್ ಸದ್ದು ಮಾಡಿತು, ನೀರು ಬರಲಿಲ್ಲ. ಅವರು 30 ಮೀಟರ್ ಎತ್ತರಕ್ಕೆ ನೀರು ತಳ್ಳುವ ಪಂಪು ಕೇಳಿದ್ದರು, ನಮ್ಮ ಟ್ಯಾಂಕಿನ ಎತ್ತರ 45 ಮೀಟರ್. ಸರಬರಾಜುದಾರನದು ಏನೂ ತಪ್ಪಿಲ್ಲ, ಕರಾರಿನಲ್ಲಿ ಇದ್ದದ್ದನ್ನೇ ಕೊಟ್ಟಿದ್ದ. ಆ ಪಂಪುಗಳು ಉಗ್ರಾಣದಲ್ಲಿ ಮರದ ಪೆಟ್ಟಿಗೆಯೊಳಗೆ ವರ್ಷಗಟ್ಟಲೆ ಕುಳಿತವು. ನಾನು ನಿವೃತ್ತನಾದ ದಿನ ಉಗ್ರಾಣ ವಹಿಸಿಕೊಡುವಾಗ ಅವುಗಳನ್ನೂ ಎಣಿಸಿ ಕೊಟ್ಟು ಬಂದೆ.

ಇಬ್ಬರೇ ಇರುವ ವಿಭಾಗ

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಹೊಸಬರು ಹೆದರಿ ಹಿಂದೆ ಸರಿಯಬಾರದು ಎಂದೂ ಹೇಳಬೇಕು.

ನಮ್ಮ ಖರೀದಿ ವಿಭಾಗದಲ್ಲಿ ಇರುವವರು ಇಬ್ಬರು. ನಾನು, ಮತ್ತು ವಾರಕ್ಕೆ ಮೂರು ದಿನ ಬರುವ ಇನ್ನೊಬ್ಬರು. ಕಾಗದ, ಟೈರು, ಕೈಗವಸು, ಕಂಪ್ಯೂಟರ್, ಔಷಧ, ಎಲ್ಲಕ್ಕೂ ನಾವೇ ಟೆಂಡರ್ ಬರೆಯುತ್ತ ಕುಳಿತರೆ ಯಾವುದೊಂದನ್ನೂ ಸರಿಯಾಗಿ ಬರೆಯಲಾಗುವುದಿಲ್ಲ. ಅವಸರದಲ್ಲಿ ಬರೆದ ಟೆಂಡರಿಗೆ ಬಿಡ್ಡುದಾರ ಒಬ್ಬನೇ ಬರುತ್ತಾನೆ. ಹಂಚಿಕೊಂಡ ಕರಾರುಗಳು ನಮ್ಮಂಥವರಿಗೆ ಉಸಿರು.

ಅನೇಕ ಕಡೆ ಇದಕ್ಕೆಂದೇ ಸಂಸ್ಥೆಗಳಿವೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಭಾಗದ ಸ್ಥಳೀಯ ಆಡಳಿತಗಳು 1974ರಲ್ಲಿ ಕೂಡಿ ಕಟ್ಟಿಕೊಂಡ ವೈಪಿಒ ಎಂಬ ಜಂಟಿ ಖರೀದಿ ಸಂಸ್ಥೆ ಈಗಲೂ ನಡೆಯುತ್ತಿದೆ. ಅದರ ಒಡೆತನ ಸ್ಥಳೀಯ ಆಡಳಿತಗಳದೇ. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಸೋರ್ಸ್‌ವೆಲ್ ಇದೆ. 2018ರವರೆಗೆ ಅದರ ಹೆಸರು ನ್ಯಾಷನಲ್ ಜಾಯಿಂಟ್ ಪವರ್ಸ್ ಅಲಯನ್ಸ್. ಅದು ಟೆಂಡರ್ ಕರೆದು ಕರಾರು ಮಾಡಿಡುತ್ತದೆ, ದೇಶದ ಬೇರೆ ಬೇರೆ ರಾಜ್ಯಗಳ ಪುರಸಭೆಗಳೂ ಶಾಲೆಗಳೂ ಅದರಡಿ ಕೊಳ್ಳುತ್ತವೆ. 2002ರ ಇ-ಗವರ್ನಮೆಂಟ್ ಕಾಯ್ದೆಯ ಮೂಲಕ ಅಲ್ಲಿನ ಕೇಂದ್ರ ಸರ್ಕಾರ ತನ್ನ ಮಾಹಿತಿ ತಂತ್ರಜ್ಞಾನದ ದರಪಟ್ಟಿಯನ್ನು ರಾಜ್ಯಗಳಿಗೂ ಸ್ಥಳೀಯ ಆಡಳಿತಗಳಿಗೂ ತೆರೆದಿಟ್ಟಿತು. ಇವೆಲ್ಲ ಹಿಂಬಾಗಿಲ ವ್ಯವಹಾರಗಳಲ್ಲ.

ಲೆಕ್ಕ ತಪಾಸಣೆ

ಹಿಂಬಾಗಿಲಲ್ಲ, ಸರಿ. ಆದರೆ ಮುಂಬಾಗಿಲಿನಿಂದ ಬಂದಿದ್ದೇವೆ ಎಂದು ಕಡತ ತೋರಿಸಬೇಕು. ನಾನು ಲೆಕ್ಕಪರಿಶೋಧನೆಯಲ್ಲಿ ಇರುವವನು. ಇಂಥ ಖರೀದಿಗೆ ನಾವು ಆಕ್ಷೇಪಣೆ ಬರೆಯುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಕಡತದಲ್ಲಿ ಸರಬರಾಜುದಾರನ ಪತ್ರ ಬಿಟ್ಟರೆ ಬೇರೇನೂ ಇರುವುದಿಲ್ಲ.

ಹೊಸ ಮೇಜಿನವರೇ, ನಿಮಗೆ ಪತ್ರ ಕೊಟ್ಟವರು ಯಾರು ನೋಡಿ. ಮಾರುವವರು. ಟೆಂಡರ್ ಕರೆದದ್ದು ಪಕ್ಕದ ಸಂಸ್ಥೆ. ನೀವು ಅವರ ಕರಾರನ್ನು ಬಳಸಲು ಅವರು ಒಪ್ಪಿದ್ದಾರೆಯೇ? ಅವರ ಕಚೇರಿಗೆ ನೀವೇ ಫೋನ್ ಮಾಡಿದ್ದೀರಾ? ನೀವು ಹೇಳಿದ ಕಡತದಲ್ಲಿ ಅವರ ಧ್ವನಿಯೇ ಇಲ್ಲ.

ನಾನು ಕಡತ ತೆರೆದಾಗ ಮೂಲ ಪ್ರಕಟಣೆ, ಬಿಡ್ಡು ತೆರೆದ ದಿನದ ತುಲನಾ ಪಟ್ಟಿ, ಕರಾರು ಮತ್ತು ಅವಧಿ ವಿಸ್ತರಣೆಯಾಗಿದ್ದರೆ ಅದರ ಆದೇಶ, ಮೂಲ ಸಂಸ್ಥೆಯ ಲಿಖಿತ ಒಪ್ಪಿಗೆ, ಇಷ್ಟನ್ನೂ ಹುಡುಕುತ್ತೇನೆ. ಆಮೇಲೆ ಹುಡುಕುವುದು ಖರೀದಿಸಿದವರು ತಾವಾಗಿ ಮಾರುಕಟ್ಟೆ ವಿಚಾರಿಸಿದ ಕುರುಹನ್ನು. ಅದು ಒಂದು ಪುಟವಿದ್ದರೂ ಸಾಕು. ಎರಡು ವರ್ಷದ ಹಿಂದಿನ ದರ ಇಂದು ಅಗ್ಗವೂ ಇರಬಹುದು, ದುಬಾರಿಯೂ ಇರಬಹುದು. ಉಕ್ಕಿನ ಬೆಲೆ ಇಳಿದಿದ್ದರೆ ಅದೇ ದರಕ್ಕೆ ಕೊಡುತ್ತೇವೆ ಎಂಬ ಮಾತಿನಲ್ಲಿ ಔದಾರ್ಯವೇನೂ ಇಲ್ಲ.

ಶುಲ್ಕದ ಮಾತನ್ನೂ ಹೇಳಿಬಿಡುತ್ತೇನೆ. ಸೋರ್ಸ್‌ವೆಲ್‌ನಂಥ ಸಂಸ್ಥೆಗಳಲ್ಲಿ ಖರೀದಿಸುವವರಿಗೆ ಸದಸ್ಯತ್ವ ಉಚಿತ. ಮಾರಾಟದ ಮೇಲೆ ಸರಬರಾಜುದಾರ ಆಡಳಿತ ಶುಲ್ಕ ಕಟ್ಟುತ್ತಾನೆ. ಅದನ್ನು ದರ ಹಾಕುವಾಗಲೇ ಅವನು ಲೆಕ್ಕಕ್ಕೆ ಹಿಡಿದಿರುತ್ತಾನೆ. ಇಂಥ ಕರಾರಿನಲ್ಲಿ ನಮೂದಾದ ದರ ಸಾಮಾನ್ಯವಾಗಿ ಗರಿಷ್ಠ ಮಿತಿ, ಅದಕ್ಕಿಂತ ಕಡಿಮೆಗೆ ಕೇಳುವ ಹಕ್ಕು ನಿಮಗಿದೆ. ಎಷ್ಟೋ ಕಚೇರಿಗಳು ಕೇಳುವುದೇ ಇಲ್ಲ. ಪಟ್ಟಿಯಲ್ಲಿ ಇದ್ದದ್ದನ್ನು ಹಾಗೆಯೇ ಆದೇಶಕ್ಕೆ ಇಳಿಸುತ್ತವೆ.

ಸಣ್ಣ ತಯಾರಕ

ಇಲ್ಲಿ ಮಾತನಾಡುತ್ತಿರುವವರೆಲ್ಲ ಖರೀದಿಸುವವರು. ಮಾರುವ ಕಡೆಯಿಂದ ನಾನೂ ಒಂದು ಮಾತು ಹೇಳಲೇ?

ಲಾರಿಗಳ ಮೇಲೆ ಕೂರಿಸುವ ಕಬ್ಬಿಣದ ಬಾಡಿ ಕಟ್ಟುವುದು ನನ್ನ ಕಸುಬು. ನನ್ನ ಕಾರ್ಖಾನೆಯಲ್ಲಿ ಹದಿನಾಲ್ಕು ಜನ ಕೆಲಸ ಮಾಡುತ್ತಾರೆ. ಒಂದು ಸಂಸ್ಥೆ ಹನ್ನೆರಡು ಲಾರಿಗೆ ಟೆಂಡರ್ ಕರೆಯುತ್ತದೆ. ಹನ್ನೆರಡು ನನ್ನ ಕೈಗೆ ನಿಲುಕುವುದಿಲ್ಲ, ಅಷ್ಟು ಬಂಡವಾಳ ಕಟ್ಟಿ ಹಾಕಲಾರೆ. ಸರಿ, ಮುಂದೆ ಸಣ್ಣದೊಂದು ಬರುತ್ತದೆ ಎಂದು ಸುಮ್ಮನಾಗುತ್ತೇನೆ. ಆ ಸಣ್ಣದೇ ನಿಮ್ಮ ನಾಲ್ಕು ಲಾರಿ. ಅದಕ್ಕೆ ನೀವು ಟೆಂಡರನ್ನೇ ಕರೆಯುವುದಿಲ್ಲ ಎಂದರೆ ನನಗೆ ಬಾಗಿಲು ತಟ್ಟುವ ಅವಕಾಶವೂ ಇಲ್ಲ. ಟೆಂಡರಿನಲ್ಲಿ ಸೋತರೆ ನನಗೆ ದುಃಖವಿಲ್ಲ, ಸೋತದ್ದು ಯಾಕೆಂದು ತುಲನಾ ಪಟ್ಟಿ ನೋಡಿ ಕಲಿಯುತ್ತೇನೆ. ಟೆಂಡರೇ ಇಲ್ಲದೆ ಸೋಲುವುದು ಬೇರೆ.

ಇನ್ನೊಂದು ವಿಷಯ. ಹನ್ನೆರಡರ ಜಾಗದಲ್ಲಿ ಹದಿನಾರು, ಇಪ್ಪತ್ತು ಎಂದು ಮೊದಲೇ ತಿಳಿದಿದ್ದರೆ ಬೇರೆ ದೊಡ್ಡ ಕಂಪನಿಗಳೂ ಬರುತ್ತಿದ್ದವೇನೋ, ದರ ಇನ್ನೂ ಇಳಿಯುತ್ತಿತ್ತೇನೋ. ಹನ್ನೆರಡಕ್ಕೆ ಹಾಕಿದ ದರದಲ್ಲಿ ಹದಿನಾರು ಮಾರಿದವರಿಗೆ ಆ ಲಾಭ ಸುಮ್ಮನೆ ಬಂತು.

ಷರತ್ತು ಓದುವವರು

ಸಣ್ಣ ತಯಾರಕರ ಕೊನೆಯ ಮಾತೇ ಯುರೋಪಿನ ನ್ಯಾಯಾಲಯದ ಮುಂದೆ ಎರಡು ಸಲ ಬಂದಿದೆ. ನಾನು ವಕೀಲಿ ವೃತ್ತಿಯವಳು, ಆ ಎರಡು ತೀರ್ಪುಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಊರಿನ ಕಾನೂನು ಬೇರೆಯಿರಬಹುದು, ಆದರೆ ಪ್ರಶ್ನೆ ಎಲ್ಲ ಕಡೆಯೂ ಒಂದೇ.

ಮೊದಲನೆಯದು ಇಟಲಿಯಿಂದ ಹೋದದ್ದು, ತೀರ್ಪು ಬಂದದ್ದು 2018ರ ಡಿಸೆಂಬರ್ 19ರಂದು. ಒಂದು ಸಾರ್ವಜನಿಕ ಆರೋಗ್ಯ ಸಂಸ್ಥೆ ಸ್ವಚ್ಛತೆ ಮತ್ತು ತ್ಯಾಜ್ಯ ವಿಲೇವಾರಿಗೆ ಬಹುವರ್ಷಗಳ ಕರಾರು ಮಾಡಿಕೊಂಡಿತ್ತು. ಹೆಸರಿಸಿದ ಬೇರೆ ಆರೋಗ್ಯ ಸಂಸ್ಥೆಗಳಿಗೂ ಇದನ್ನು ವಿಸ್ತರಿಸಬಹುದು ಎಂಬ ಷರತ್ತು ಅದರಲ್ಲಿತ್ತು. ಅಂಥದೊಂದು ಸಂಸ್ಥೆ ಹೊಸ ಟೆಂಡರ್ ಕರೆಯದೆ ಆ ಕರಾರಿಗೆ ಸೇರಿಕೊಂಡಿತು. ಇಟಲಿಯ ಸ್ಪರ್ಧಾ ಪ್ರಾಧಿಕಾರವೂ ಒಂದು ಸಹಕಾರಿ ಕಂಪನಿಯೂ ಅದನ್ನು ಪ್ರಶ್ನಿಸಿದವು. ಒಬ್ಬರು ಇನ್ನೊಬ್ಬರ ಪರವಾಗಿಯೂ ಕರಾರು ಮಾಡಬಹುದು, ಆ ಇನ್ನೊಬ್ಬರು ಕರಾರಿಗೆ ಸಹಿ ಹಾಕಿರಲೇಬೇಕೆಂದಿಲ್ಲ ಎಂದು ನ್ಯಾಯಾಲಯ ಹೇಳಿತು. ಆದರೆ ಅವರು ಯಾರು ಎಂಬುದು ಟೆಂಡರ್ ದಾಖಲೆಯಲ್ಲಿ ಸ್ಪಷ್ಟವಾಗಿರಬೇಕು, ಒಟ್ಟು ಪ್ರಮಾಣವನ್ನೂ ಹೇಳಿರಬೇಕು ಎಂದಿತು.

ಎರಡನೆಯದು ಡೆನ್ಮಾರ್ಕಿನದು, 2021ರ ಜೂನ್ 17. ಅಲ್ಲಿನ ಎರಡು ಪ್ರಾದೇಶಿಕ ಆಡಳಿತಗಳು ಸೇರಿ ಟೆಂಡರ್ ಕರೆದಿದ್ದವು. ಮನೆಯಲ್ಲಿರುವ ರೋಗಿಗಳಿಗೆ ನಳಿಕೆಯ ಮೂಲಕ ಆಹಾರ ಕೊಡುವ ಸಾಮಗ್ರಿ ಬೇಕಿತ್ತು. ಒಂದು ಆಡಳಿತ ಖಚಿತವಾಗಿ ಕೊಳ್ಳುವುದು, ಇನ್ನೊಂದು ಬೇಕಾದರೆ ಸೇರಿಕೊಳ್ಳುವುದು, ಹೀಗಿತ್ತು ವ್ಯವಸ್ಥೆ. ಪ್ರಕಟಣೆಯಲ್ಲಿ ಗರಿಷ್ಠ ಪ್ರಮಾಣ ಹೇಳಿರಲಿಲ್ಲ. ಸೋತ ಕಂಪನಿ ದೂರು ಕೊಟ್ಟಿತು. ಅಂದಾಜು ಮಾತ್ರ ಹೇಳಿದರೆ ಸಾಲದು, ಗರಿಷ್ಠ ಪ್ರಮಾಣವನ್ನು ಅಥವಾ ಗರಿಷ್ಠ ಮೌಲ್ಯವನ್ನು ಹೇಳಲೇಬೇಕು, ಆ ಮಿತಿ ಮುಟ್ಟಿದೊಡನೆ ಕರಾರಿನ ಬಲ ಮುಗಿಯುತ್ತದೆ ಎಂದು ನ್ಯಾಯಾಲಯ ತೀರ್ಮಾನಿಸಿತು.

ಮುಗಿಯುತ್ತದೆ ಎಂಬ ಆ ಮಾತನ್ನು ಗಮನಿಸಿ. ತಾರೀಖು ಇನ್ನೂ ಇದ್ದರೂ ಕರಾರು ಖಾಲಿಯಾಗಿರಬಹುದು. ಪಕ್ಕದವರು ಈಗಾಗಲೇ ಎಷ್ಟು ಲಾರಿ ಕೊಂಡಿದ್ದಾರೆ ಎಂಬುದನ್ನು ತಿಳಿಯದೆ ನೀವು ಟಿಪ್ಪಣಿ ಬರೆಯಬಾರದು.

ಎರಡಕ್ಕೂ ಹಿನ್ನೆಲೆಯಲ್ಲಿರುವುದು ಯುರೋಪಿನ ಸಾರ್ವಜನಿಕ ಖರೀದಿಯ ನಿಯಮ. ಇಟಲಿಯ ಪ್ರಕರಣ ಹಳೆಯ 2004ರ ನಿರ್ದೇಶನದಡಿ ನಡೆದದ್ದು, ಈಗ ಇರುವುದು 2014ರದು. ವಿಶೇಷ ಕಾರಣವಿಲ್ಲದೆ ಇಂಥ ಚೌಕಟ್ಟಿನ ಕರಾರು, ಅಂದರೆ ಷರತ್ತುಗಳನ್ನು ಮೊದಲೇ ಗೊತ್ತುಮಾಡಿ ಬೇಕಾದಾಗ ಕೊಳ್ಳುವ ಕರಾರು, ನಾಲ್ಕು ವರ್ಷ ಮೀರಬಾರದು ಎಂದು ಅದು ಹೇಳುತ್ತದೆ. ಸಣ್ಣ ತಯಾರಕರು ಹೇಳಿದ ನೋವಿಗೂ ಅದರಲ್ಲಿ ಒಂದು ಉತ್ತರವಿದೆ. ದೊಡ್ಡ ಖರೀದಿಯನ್ನು ಸಣ್ಣ ಭಾಗಗಳಾಗಿ ಒಡೆಯಬೇಕು, ಒಡೆಯದಿದ್ದರೆ ಯಾಕೆ ಒಡೆಯಲಿಲ್ಲ ಎಂದು ಬರೆದಿಡಬೇಕು.

ಇಬ್ಬರೇ ಇರುವ ವಿಭಾಗ

ಇದನ್ನೆಲ್ಲ ಓದಿ ಹೊಸ ಮೇಜಿನವರು ಹಂಚಿಕೊಳ್ಳುವುದೇ ಬೇಡ ಎಂದುಕೊಂಡಾರು ಎಂಬ ಅಂಜಿಕೆ ನನಗೆ. ಇನ್ನೊಬ್ಬರು ಮುಗಿಸಿದ ಟೆಂಡರಿಗೆ ಆಮೇಲೆ ಹತ್ತಿಕೊಳ್ಳುವುದು ಬೇರೆ, ಮೊದಲ ದಿನದಿಂದ ಜೊತೆಗೂಡಿ ಕೊಳ್ಳುವುದು ಬೇರೆ. ಎರಡನೆಯದನ್ನು ನಾವು ಮಾಡಿದ್ದೇವೆ.

ಐದು ಸಣ್ಣ ಸಂಸ್ಥೆಗಳು ಸೇರಿ ಅಗ್ನಿಶಾಮಕ ಮೆತು ಕೊಳವೆಗಳನ್ನು ಕೊಂಡೆವು. ಮೊದಲ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ಕೊಳವೆಯ ತುದಿಯ ಜೋಡಣೆಯನ್ನು ಕೈಯಲ್ಲಿ ಹಿಡಿದು ತಂದಿದ್ದರು. ಮೇಜಿನ ಮೇಲಿಟ್ಟು ಒಂದಕ್ಕೊಂದು ತಿರುಗಿಸಿ ನೋಡಿದೆವು. ಐದರಲ್ಲಿ ಎರಡು ಮಾತ್ರ ಕೂಡಿದವು. ಉಳಿದವುಗಳ ತಿರುಪಿನ ಎಳೆಗಳು ಅರ್ಧ ಸುತ್ತಿಗೇ ಕಚ್ಚಿ ನಿಂತವು. ಬೆಂಕಿ ಬಿದ್ದ ದಿನ ಪರಸ್ಪರ ನೆರವಿಗೆ ಓಡುತ್ತೇವೆ ಎಂದು ನಾವು ಎಷ್ಟೋ ವರ್ಷಗಳಿಂದ ಹೇಳಿಕೊಳ್ಳುತ್ತಿದ್ದೆವು!

1904ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ನಗರ ಹೊತ್ತಿ ಉರಿದಾಗ ಆದದ್ದು ಇದೇ. ವಾಷಿಂಗ್ಟನ್, ಫಿಲಡೆಲ್ಫಿಯ ಮುಂತಾದ ನಗರಗಳಿಂದ ಅಗ್ನಿಶಾಮಕ ದಳಗಳು ಬಂದವು. ಅವುಗಳಲ್ಲಿ ಹಲವರ ಕೊಳವೆಗಳು ಬಾಲ್ಟಿಮೋರಿನ ನಲ್ಲಿಗಳಿಗೆ ಕೂಡಲಿಲ್ಲ. 1,500ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಪ್ರತಿ ನಗರವೂ ತನ್ನ ಪಾಡಿಗೆ ತಾನು ಖರೀದಿಸುತ್ತ ಬಂದುದರ ಫಲವೂ ಅದರಲ್ಲಿತ್ತು.

ನಮ್ಮ ಟೆಂಡರಿಗೆ ದರ ಎಷ್ಟು ಇಳಿಯಿತು ಎಂದು ಎಲ್ಲರೂ ಕೇಳುತ್ತಾರೆ. ಇಳಿಯಿತು. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಇಂದು ಐದೂ ಕಡೆಯ ಕೊಳವೆಗಳು ಒಂದಕ್ಕೊಂದು ಕೂಡುತ್ತವೆ ಎಂಬುದು.

ನಿವೃತ್ತ ಉಗ್ರಾಣಿ

ಆ ಮೇಜಿನ ಮೇಲಿನ ಜೋಡಣೆಗಳ ಚಿತ್ರ ಕಣ್ಣಿಗೆ ಕಟ್ಟಿತು. ನಮ್ಮ ಪಂಪುಗಳಿಗೂ ಅಂಥದೊಂದು ಸಭೆ ಆಗಿದ್ದರೆ!

ಒಂದು ಪ್ರಶ್ನೆ. ಐದು ಜನರಲ್ಲಿ ಒಬ್ಬರು ನಡುವೆ ಹಿಂದೆ ಸರಿದಿದ್ದರೆ ಏನು ಮಾಡುತ್ತಿದ್ದಿರಿ? ನಾನು ನೋಡಿದ ಒಂದು ಜಂಟಿ ಟೆಂಡರ್ ಮುರಿದದ್ದು ಹಾಗೆಯೇ.

ಇಬ್ಬರೇ ಇರುವ ವಿಭಾಗ

ಟೆಂಡರಿಗೆ ಮೊದಲೇ ಒಂದು ಒಡಂಬಡಿಕೆ ಬರೆದುಕೊಂಡೆವು. ಪ್ರಮಾಣವನ್ನು ಎರಡು ಕಾಲಂಗಳಲ್ಲಿ ಹೇಳಿದೆವು: ಖಂಡಿತ ಕೊಳ್ಳುವುದು ಇಷ್ಟು, ಕೊಳ್ಳಬಹುದಾದ ಗರಿಷ್ಠ ಇಷ್ಟು. ಖಂಡಿತ ಎಂದವರು ಹಿಂದೆ ಸರಿಯುವಂತಿಲ್ಲ. ಬಿಡ್ಡುದಾರರು ಮೊದಲ ಕಾಲಂ ನೋಡಿಯೇ ದರ ಇಳಿಸುತ್ತಾರೆ. ಎಲ್ಲವೂ ಕೊಳ್ಳಬಹುದು ಎಂದಿದ್ದರೆ ಯಾರೂ ಇಳಿಸುವುದಿಲ್ಲ. ಟೆಂಡರ್ ನಡೆಸಿದ್ದು ಒಂದು ಸಂಸ್ಥೆ, ಆದರೆ ಖರೀದಿ ಆದೇಶ, ಸಾಮಗ್ರಿಯ ತಪಾಸಣೆ, ಬಿಲ್ಲು ಪಾವತಿ ಅವರವರದು. ಒಬ್ಬರು ಪಾವತಿ ತಡಮಾಡಿದರೆ ಇನ್ನೊಬ್ಬರ ಸರಬರಾಜು ನಿಲ್ಲಬಾರದು ಎಂದೂ ಬರೆದೆವು. ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಈ ಸಾಲು.

ಲೆಕ್ಕ ತಪಾಸಣೆ

ಆ ಎರಡು ಕಾಲಂಗಳ ಪಟ್ಟಿಯನ್ನು ಹೊಸ ಮೇಜಿನವರು ಬರೆದಿಟ್ಟುಕೊಳ್ಳಲಿ. ಅನುದಾನದ ಹಣವಿದ್ದರೆ ಅನುದಾನ ಕೊಟ್ಟವರ ಷರತ್ತನ್ನೂ ಓದಿ. ಅಮೆರಿಕದ ಫೆಡರಲ್ ಅನುದಾನದ ನಿಯಮಗಳು ಸ್ಥಳೀಯ ಆಡಳಿತಗಳು ಖರೀದಿಯನ್ನು ಹಂಚಿಕೊಳ್ಳುವುದನ್ನು ಪ್ರೋತ್ಸಾಹಿಸುತ್ತವೆ, ಆದರೆ ಮುಕ್ತ ಸ್ಪರ್ಧೆಯ ಷರತ್ತಿನಿಂದ ಅದಕ್ಕೆ ವಿನಾಯಿತಿ ಕೊಡುವುದಿಲ್ಲ.

ಹೊಸ ಮೇಜು

ಎಲ್ಲರಿಗೂ ಕೃತಜ್ಞತೆಗಳು. ಎರಡು ದಿನ ಕುಳಿತು ದಾಖಲೆ ಓದಿದೆ. ಇಂದು ಬೆಳಿಗ್ಗೆ ಪಕ್ಕದ ಸಂಸ್ಥೆಯ ಖರೀದಿ ಅಧಿಕಾರಿಯವರನ್ನು ಕಚೇರಿಯಲ್ಲೇ ಕಂಡು ಬಂದೆ. ಕಂಡದ್ದನ್ನು ಹೇಳುತ್ತೇನೆ.

ಇತರ ಸಾರ್ವಜನಿಕ ಸಂಸ್ಥೆಗಳೂ ಈ ದರವನ್ನು ಬಳಸಿಕೊಳ್ಳಬಹುದು ಎಂಬ ಸಾಲು 63ನೆಯ ಪುಟದಲ್ಲಿದೆ. ಪ್ರಕಟಣೆಯಲ್ಲಿ ಇಲ್ಲ. ಯಾವ ಸಂಸ್ಥೆಗಳು ಎಂದು ಎಲ್ಲಿಯೂ ಇಲ್ಲ. ಪ್ರಮಾಣ ಹನ್ನೆರಡು, ಅಗತ್ಯಬಿದ್ದರೆ ಶೇಕಡಾ 25ರಷ್ಟು ಹೆಚ್ಚಿಸಬಹುದು, ಅಂದರೆ ಇನ್ನು ಮೂರು. ಆ ಮೂರರಲ್ಲಿ ಎರಡನ್ನು ಅವರೇ ಕೊಂಡಿದ್ದಾರೆ. ಉಳಿದದ್ದು ಒಂದು, ನಮಗೆ ಬೇಕಾದದ್ದು ನಾಲ್ಕು. ಕಂಪನಿಯವರು ನಮಗೆ ಪತ್ರ ಕೊಟ್ಟ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ.

ಅವರ ಅಂಗಳದಲ್ಲಿ ಲಾರಿಯನ್ನೂ ನೋಡಿದೆ. ಚೆನ್ನಾಗಿದೆ, ಆದರೆ ದೊಡ್ಡದು. ಚಾಲಕರನ್ನು ಕೇಳಿದಾಗ, ಅಗಲವಾದ ರಸ್ತೆಯಲ್ಲಿ ತೊಂದರೆಯಿಲ್ಲ, ತಿರುವಿನಲ್ಲಿ ಎರಡು ಸಲ ಹಿಂದೆ ಮುಂದೆ ಮಾಡಬೇಕು ಎಂದರು. ನಮ್ಮಲ್ಲಿ ಓಡಾಡಬೇಕಾದ ಬೀದಿಗಳಲ್ಲಿ ಹಿಂದೆ ಹೋಗಲು ಜಾಗವೇ ಇಲ್ಲದವು ಎಷ್ಟೋ ಇವೆ. ಪಂಪಿನ ಕಥೆ ನೆನಪಾಯಿತು.

ಹೊರಡುವಾಗ ಆ ಅಧಿಕಾರಿ, ಮುಂದಿನ ವರ್ಷ ನಮಗೂ ಸಣ್ಣ ಲಾರಿಗಳು ಆರು ಬೇಕು, ಸೇರಿ ಕರೆಯೋಣವೇ ಎಂದು ಕೇಳಿದರು. ಅವರ ಪಕ್ಕದ ಇನ್ನೆರಡು ಸಂಸ್ಥೆಗಳಿಗೂ ಬೇಕಂತೆ.

ಟಿಪ್ಪಣಿ ಬರೆದೆ. ಆ ಕರಾರಿನಲ್ಲಿ ಖರೀದಿಸುವುದು ಬೇಡ, ಜಂಟಿ ಟೆಂಡರಿಗೆ ಅನುಮತಿ ಕೊಡಿ, ಅಲ್ಲಿಯವರೆಗೆ ಎರಡು ಲಾರಿಗಳನ್ನು ಬಾಡಿಗೆಗೆ ಪಡೆಯಲು ದರಪಟ್ಟಿ ಕರೆಯೋಣ ಎಂದು. ಬಾಡಿಗೆಯ ಮಾತನ್ನು ಮೊದಲ ಪ್ಯಾರಾದಲ್ಲೇ ಹಾಕಿದ್ದೇನೆ, ಕೈಯಲ್ಲಿ ಕಸ ಸುರಿಯುವುದು ಇನ್ನು ನಾಲ್ಕು ತಿಂಗಳು ನಡೆಯಕೂಡದು.

ಸಣ್ಣ ತಯಾರಕ

ಲಾರಿಯ ಚಾಸಿಯನ್ನೂ (ಎಂಜಿನ್ನು, ಚಕ್ರಗಳಿರುವ ತಳಭಾಗ) ಬಾಡಿಯನ್ನೂ ಬೇರೆ ಬೇರೆ ಭಾಗವಾಗಿ ಕರೆಯಲು ಸಾಧ್ಯವೇ ಎಂದು ನಾಲ್ವರೂ ಯೋಚಿಸಿ. ಅಥವಾ ನಾಲ್ಕು ಸಂಸ್ಥೆಗಳ ಲಾರಿಗಳನ್ನು ಎರಡು ಭಾಗ ಮಾಡಿ. ಹಾಗಾದರೆ ನನ್ನಂಥವರು ಒಂದಿಷ್ಟು ಜನ ಬಿಡ್ಡು ಹಾಕುತ್ತೇವೆ.

ಷರತ್ತು ಓದುವವರು

ಒಂದೇ ಎಚ್ಚರಿಕೆ. ಚಾಸಿ ಒಬ್ಬರದು, ಬಾಡಿ ಇನ್ನೊಬ್ಬರದು ಆದಾಗ ಲಾರಿ ಕೆಟ್ಟರೆ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಖಾತರಿಯ ಹೊಣೆ ಯಾರದೆಂದು ಟೆಂಡರಿನಲ್ಲೇ ಬರೆಯಿರಿ. ನಾಲ್ಕು ಸಂಸ್ಥೆಗಳ ಹೆಸರೂ ಗರಿಷ್ಠ ಸಂಖ್ಯೆಯೂ ಪ್ರಕಟಣೆಯಲ್ಲೇ ಇರಲಿ, 63ನೆಯ ಪುಟಕ್ಕೆ ಹೋಗಿ ಅಡಗುವುದು ಬೇಡ.

ನಿವೃತ್ತ ಉಗ್ರಾಣಿ

ತಾಂತ್ರಿಕ ವಿವರ ಬರೆಯುವ ಮೊದಲು ನಾಲ್ಕೂ ಕಡೆ ಅತಿ ಕಿರಿದಾದ ಬೀದಿಯ ಅಗಲ, ಲಾರಿ ನಿಲ್ಲಿಸುವ ಅಂಗಳದ ಗೇಟಿನ ಅಗಲ ಮತ್ತು ಎತ್ತರ ಅಳೆಸಿ. ಕಾಗದದಿಂದ ಎತ್ತಿಕೊಳ್ಳಬೇಡಿ, ಟೇಪು ಹಿಡಿದು ಅಳೆಯಿರಿ.

ಹೊಸ ಮೇಜು

ನಮ್ಮ ಗೇಟನ್ನು ಇಂದು ಸಂಜೆ ನಾನೇ ಅಳೆದೆ. ಅಗಲ 3.2 ಮೀಟರ್. ಕಾಗದದಲ್ಲಿ 3.6 ಎಂದಿತ್ತು, ಆಮೇಲೆ ಯಾರೋ ಪಕ್ಕದಲ್ಲಿ ಒಂದು ಕಂಬ ನಿಲ್ಲಿಸಿದ್ದಾರೆ. ಮೂರು ಸಂಸ್ಥೆಗಳ ಅಳತೆ ಪಟ್ಟಿಗೆ ಬಂದಿದೆ, ನಾಲ್ಕನೆಯವರದು ನಾಳೆ ಬರುತ್ತದೆ.